ಗಂಟಲಿಗೆ ಸನ್‌ಸ್ಕ್ರೀನ್: ನಾರ್ವೆ ಬೆಟ್ಟದ ನೀಲಿಗಂಟಲು ಹಕ್ಕಿಯ ಪ್ರಕರಣ

ಜನವರಿಯ ಒಂದು ಬೆಳಗ್ಗೆ ಬೆಂಗಳೂರಿನ ಆಚೆ ಒಂದು ಕೆರೆಯ ಅಂಚಿನಲ್ಲಿ ನಿಂತಿದ್ದೆ. ನೀರು ಹಿಂದೆ ಸರಿದು ಕೆಸರು ಬಿಟ್ಟಿತ್ತು. ಜೊಂಡಿನ ಬುಡದಿಂದ ಗುಬ್ಬಚ್ಚಿ ಗಾತ್ರದ ಒಂದು ಕಂದು ಹಕ್ಕಿ ಹೊರಗೆ ಬಂತು. ನಾಲ್ಕು ಹೆಜ್ಜೆ ಓಡಿತು, ಗಕ್ಕನೆ ನಿಂತಿತು, ಬಾಲ ಜಾಡಿಸಿತು. ಬಾಲದ ಬುಡದಲ್ಲಿ ಇಟ್ಟಿಗೆ ಕೆಂಪು. ಇತ್ತ ತಿರುಗಿದಾಗ ಗಂಟಲಲ್ಲಿ ಮಾಸಲು ನೀಲಿ. ಪಕ್ಕದಲ್ಲೇ ಎಮ್ಮೆ ಮೇಯಿಸುತ್ತಿದ್ದ ಹಿರಿಯರೊಬ್ಬರು ಬೈನಾಕ್ಯುಲರ್ ಇಸ್ಕೊಂಡು ನೋಡಿದರು. "ಏನ್ ಸ್ವಾಮಿ ಇದು, ಕೊರಳಿಗೆ ಇಂಕ್ ಚೆಲ್ಕೊಂಡಂಗಿದೆ" ಅಂದರು.

ಅದು ಬ್ಲೂತ್ರೋಟ್. ಇಲ್ಲಿ ಅದನ್ನು ನೀಲಿಗಂಟಲು ಎಂದೇ ಕರೆಯುತ್ತೇನೆ. ನಮ್ಮ ರಾಜ್ಯಪಕ್ಷಿ ನೀಲಕಂಠ ಬೇರೆ, ಇದು ಬೇರೆ. ಇದು ಚಳಿಗಾಲ ಕಳೆಯಲು ಬಂದು, ಬೇಸಿಗೆ ಶುರುವಾಗುವಾಗ ಹೊರಟುಬಿಡುವ ಹಕ್ಕಿ. ಮರಿ ಮಾಡುವುದು ದೂರದ ಉತ್ತರದಲ್ಲಿ.

ಆ ಹಿರಿಯರಿಗೂ ನನಗೂ ಅವತ್ತು ಕಂಡದ್ದು ಆ ಗಂಟಲಿನ ಪೂರ್ತಿ ಬಣ್ಣವಲ್ಲ. ಅದರಲ್ಲಿ ಮನುಷ್ಯರ ಕಣ್ಣಿಗೆ ಬೀಳದ ಒಂದು ಭಾಗ ಇದೆ. 1990ರ ದಶಕದಲ್ಲಿ ನಾರ್ವೆ ಮತ್ತು ಸ್ವೀಡನ್ನಿನ ಕೆಲವು ವಿಜ್ಞಾನಿಗಳು ಆ ಕಾಣದ ಭಾಗವನ್ನಷ್ಟೇ ಅಳಿಸಿ, ಹೆಣ್ಣು ಹಕ್ಕಿ ಏನು ಮಾಡುತ್ತದೆ ಎಂದು ನೋಡಿದರು. ಅಳಿಸಲು ಬಳಸಿದ್ದು ನಾವು ಬಿಸಿಲಿಗೆ ಹೋಗುವಾಗ ಮುಖಕ್ಕೆ ಹಚ್ಚಿಕೊಳ್ಳುವ ಸನ್‌ಸ್ಕ್ರೀನಿನಲ್ಲಿರುವಂಥ ರಾಸಾಯನಿಕ. ಹಕ್ಕಿಗಳು ಸಂಗಾತಿಯನ್ನು ಆರಿಸುವುದರಲ್ಲಿ ಯುವಿ, ಅಂದರೆ ನಮಗೆ ಕಾಣದ ನೇರಳಾತೀತ ಬೆಳಕಿನ ಪಾತ್ರ ಏನು ಎಂಬ ಪ್ರಶ್ನೆಗೆ ಕಾಡಿನ ಹಕ್ಕಿಗಳಿಂದಲೇ ಉತ್ತರ ಪಡೆದ ಮೊದಲ ಪ್ರಯೋಗ ಅದು. ಅದರ ಕಥೆಯನ್ನೂ, ಅದರ ಬಗ್ಗೆ ನನಗಿರುವ ಒಪ್ಪಿಗೆ ಮತ್ತು ತಕರಾರುಗಳನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಹಕ್ಕಿ ಮತ್ತು ಜಾಗ

ನಾರ್ವೆಯ ದಕ್ಷಿಣ ಭಾಗದ ಬೆಟ್ಟಗಳಲ್ಲಿ ಓವ್ರೆ ಹೈಮ್‌ಡಾಲ್ ಎಂಬ ಕಣಿವೆ ಇದೆ. ಸಮುದ್ರ ಮಟ್ಟದಿಂದ ಸುಮಾರು 1,100 ಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಮಡಿಕೇರಿಯಷ್ಟು ಎತ್ತರ, ಅಷ್ಟೇ. ಆದರೆ ಅಷ್ಟು ಉತ್ತರದಲ್ಲಿ ಆ ಎತ್ತರಕ್ಕೇ ದೊಡ್ಡ ಮರಗಳು ಬೆಳೆಯುವುದು ಕಷ್ಟ. ಮೊಣಕಾಲೆತ್ತರದ ಬರ್ಚ್ ಪೊದೆ, ವಿಲ್ಲೋ ಗಿಡ, ಜೌಗು ಹುಲ್ಲು. ಮೇ ತಿಂಗಳಲ್ಲೂ ಅಲ್ಲಲ್ಲಿ ಹಿಮ ಇರುತ್ತದೆ. ಆ ಹಿಮ ಕರಗುವ ಹೊತ್ತಿಗೆ ಗಂಡು ನೀಲಿಗಂಟಲುಗಳು ಬಂದು ಜಾಗ ಹಿಡಿಯುತ್ತವೆ. ಪೊದೆಯ ತುದಿಯಲ್ಲಿ ಕೂತು ಹಾಡುತ್ತವೆ, ಹಾಡುತ್ತಲೇ ಮೇಲಕ್ಕೆ ಹಾರಿ ಬಾಲ ಬಿಚ್ಚಿಕೊಂಡು ಇಳಿಯುತ್ತವೆ. ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವುದರಲ್ಲಿ ಇವು ಜಾಣ.

ಆ ಕಾಲದಲ್ಲಿ ಗಂಡಿನ ಗಂಟಲು ಕೆರೆಯಂಚಿನಲ್ಲಿ ಕಂಡ ಮಾಸಲು ಗಂಟಲಲ್ಲ. ಗದ್ದದಿಂದ ಎದೆಯವರೆಗೆ ಹೊಳೆಯುವ ನೀಲಿ, ನಟ್ಟನಡುವೆ ಕೆಂಗಂದು ಬಣ್ಣದ ಒಂದು ಬೊಟ್ಟು, ಕೆಳಗೆ ಕಪ್ಪು ಪಟ್ಟಿ, ಅದರ ಕೆಳಗೆ ಮತ್ತೆ ಕೆಂಗಂದು ಪಟ್ಟಿ. ಹೆಣ್ಣು ಹತ್ತಿರ ಬಂದರೆ ಗಂಡು ತಲೆ ಎತ್ತಿ, ಗಂಟಲನ್ನು ಮುಂದಕ್ಕೆ ಚಾಚಿ ತೋರಿಸುತ್ತದೆ. ಹೆಣ್ಣಿನ ಗಂಟಲು ಸಾಮಾನ್ಯವಾಗಿ ಬಿಳಿಚು, ಸುತ್ತ ಕಪ್ಪು ಸರ ಹಾಕಿದಂತೆ. ಕೆಲವು ಹೆಣ್ಣುಗಳಲ್ಲಿ ಮಾತ್ರ ಸ್ವಲ್ಪ ನೀಲಿಯೂ ಕೆಂಗಂದೂ ಇರುತ್ತವೆ.

ಗೂಡು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ಐದರಿಂದ ಏಳು ಮೊಟ್ಟೆ. ಕಾವು ಕೂರುವುದು ಹೆಣ್ಣು, ಮರಿಗೆ ತಿನ್ನಿಸುವುದು ಇಬ್ಬರೂ. ನೋಡುವವರಿಗೆ ಒಂದು ಗಂಡು, ಒಂದು ಹೆಣ್ಣು, ಅಚ್ಚುಕಟ್ಟಾದ ಸಂಸಾರ. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಬೇರೆಯದೇ ಗೊತ್ತಾಯಿತು. ಎಷ್ಟೋ ಗೂಡುಗಳಲ್ಲಿ ಒಂದೋ ಎರಡೋ ಮರಿಗಳ ಅಪ್ಪ ಪಕ್ಕದ ಜಾಗದ ಗಂಡು. ಅಂದರೆ ಹೆಣ್ಣು ಎರಡು ಸಲ ಆಯ್ಕೆ ಮಾಡುತ್ತದೆ. ಯಾರ ಜೊತೆ ಗೂಡು ಕಟ್ಟುವುದು ಎಂಬುದು ಒಂದು, ಮರಿಗೆ ಅಪ್ಪ ಯಾರಾಗಬೇಕು ಎಂಬುದು ಇನ್ನೊಂದು. ಈ ಪ್ರಕರಣಕ್ಕೆ ಇದು ತುಂಬಾ ಮುಖ್ಯ.

ಕಣ್ಣು, ಗರಿ

ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ್ದು. 400ಕ್ಕಿಂತ ಕೆಳಗಿನದು ನೇರಳಾತೀತ, ಅಂದರೆ ಯುವಿ. ಅದು ನಮ್ಮ ಕಣ್ಣಿನ ಪರದೆಯನ್ನು ತಲುಪುವುದೇ ಇಲ್ಲ, ಮಸೂರವೇ ಅದನ್ನು ಹೀರಿಬಿಡುತ್ತದೆ. ಹಿಂದೆ ಪೊರೆಯ ಆಪರೇಷನ್ ಅಂದರೆ ಮಸೂರ ತೆಗೆದು, ಬದಲಿಗೆ ಏನೂ ಇಡದೆ ದಪ್ಪ ಕನ್ನಡಕ ಕೊಡುತ್ತಿದ್ದರು, ನೆನಪಿದೆಯಲ್ವಾ? ಹಾಗೆ ಮಸೂರವೇ ಇಲ್ಲದ ಕಣ್ಣಿಗೆ ಸ್ವಲ್ಪ ಯುವಿ ಬಿಳಿಚು ನೀಲಿಯಾಗಿ ಕಾಣುತ್ತದೆ. ನಮ್ಮ ಪರದೆಗೂ ಆ ಬೆಳಕಿಗೂ ನಡುವೆ ಇರುವುದು ಅಷ್ಟೇ ಒಂದು ತಡೆ.

ಹಕ್ಕಿಯ ಕಣ್ಣಿನಲ್ಲಿ ಆ ತಡೆ ಇಲ್ಲ. ಸುಮಾರು 320 ನ್ಯಾನೋಮೀಟರ್‌ವರೆಗಿನ ಬೆಳಕೂ ಒಳಗೆ ಹೋಗುತ್ತದೆ. ಬಣ್ಣ ಗುರುತಿಸಲು ನಮಗೆ ಮೂರು ಬಗೆಯ ಕೋನ್ ಕೋಶಗಳಿವೆ, ಅವಕ್ಕೆ ನಾಲ್ಕು. ನಾಲ್ಕನೆಯದು ಕೆಲವು ಗುಂಪಿನ ಹಕ್ಕಿಗಳಲ್ಲಿ ನೇರಳೆಗೆ ಹೊಂದಿಕೊಂಡಿರುತ್ತದೆ, ಬಹುತೇಕ ಹಾಡುಹಕ್ಕಿಗಳಲ್ಲಿ ನೇರವಾಗಿ ಯುವಿಗೇ. ಹದ್ದು, ಗಿಡುಗಗಳು ಮೊದಲನೆಯ ಗುಂಪಿನವು. ಅದರಿಂದ ಪುಟ್ಟ ಹಕ್ಕಿಗಳಿಗೆ ಒಂದು ಅನುಕೂಲವಿದೆ. ಯುವಿಯಲ್ಲಿ ಮಿಂಚಿದರೆ ತಮ್ಮವರಿಗೆ ಚೆನ್ನಾಗಿ ಕಾಣುತ್ತವೆ, ಬೇಟೆಗಾರ ಹಕ್ಕಿಗೆ ಅಷ್ಟು ಎದ್ದು ಕಾಣುವುದಿಲ್ಲ. ಸ್ವೀಡನ್ನಿನ ಸಂಶೋಧಕರು 2005ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು.

ಇನ್ನು ಗರಿ. ಕೆಂಗಂದು ಬೊಟ್ಟಿನಲ್ಲಿರುವುದು ನಿಜವಾದ ಬಣ್ಣದ ಪದಾರ್ಥ, ನಮ್ಮ ಕೂದಲಲ್ಲಿರುವ ಮೆಲನಿನ್ ಜಾತಿಯದು. ನೀಲಿ ಹಾಗಲ್ಲ. ನೀಲಿ ಗರಿಯಲ್ಲಿ ನೀಲಿ ಬಣ್ಣದ ಪದಾರ್ಥವೇ ಇಲ್ಲ. ಗರಿಯ ಎಳೆಯೊಳಗೆ ಕೆರಾಟಿನ್ ಇದೆ, ನಮ್ಮ ಉಗುರಿನದೇ ವಸ್ತು. ಅದರಲ್ಲಿ ಸ್ಪಂಜಿನಂತೆ ಲೆಕ್ಕವಿಲ್ಲದಷ್ಟು ಗಾಳಿ ಗುಳ್ಳೆಗಳು. ಗುಳ್ಳೆಯಿಂದ ಗುಳ್ಳೆಗೆ ಇರುವ ದೂರ ಬೆಳಕಿನ ಅಲೆಯ ಅಳತೆಗೆ ಹತ್ತಿರ. ಹಾಗಾಗಿ ಕೆಲವು ಅಲೆಗಳು ಒಂದಕ್ಕೊಂದು ಬಲ ಕೊಟ್ಟು ವಾಪಸು ಬರುತ್ತವೆ, ಉಳಿದವು ಒಳಗೆ ಹೋಗಿ ಕೆಳಗಿನ ಕಪ್ಪು ಪದರದಲ್ಲಿ ಕರಗುತ್ತವೆ. ಸೋಪಿನ ಗುಳ್ಳೆಯ ಮೇಲೆ ಬಣ್ಣ ಕಾಣುವುದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ನಮ್ಮ ನೀಲಕಂಠದ ರೆಕ್ಕೆ, ಮಿಂಚುಳ್ಳಿಯ ಬೆನ್ನು, ಎಲ್ಲದರ ನೀಲಿಯೂ ಹೀಗೇ ಬಂದದ್ದು. ಬಿದ್ದ ಒಂದು ನೀಲಿ ಗರಿಯನ್ನು ಕಲ್ಲಿನ ಮೇಲಿಟ್ಟು ನುಣ್ಣಗೆ ಅರೆದರೆ ನೀಲಿ ಹೋಗಿ ಕಂದು ಪುಡಿ ಉಳಿಯುತ್ತದೆ. ಗುಳ್ಳೆ ಒಡೆಯಿತು, ಬಣ್ಣವೂ ಹೋಯಿತು.

ಹೀಗೆ ಹುಟ್ಟಿದ ಬಣ್ಣಕ್ಕೆ ನಮ್ಮ 400ರ ಗಡಿ ಗೊತ್ತಿಲ್ಲ. ಗುಳ್ಳೆಗಳ ಅಂತರ ಸ್ವಲ್ಪ ಕಡಿಮೆಯಾದರೆ ಹೊಳಪಿನ ತುದಿ ನೀಲಿಯಿಂದ ನೇರಳೆಗೆ, ನೇರಳೆಯಿಂದ ಯುವಿಗೆ ಜಾರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಸ್ಟಫಾನ್ ಆಂಡರ್ಸನ್ ಇಂಥ ಬಣ್ಣಗಳನ್ನು ಸ್ಪೆಕ್ಟ್ರೋಮೀಟರಿನಿಂದ, ಅಂದರೆ ಯಾವ ಅಲೆಯ ಬೆಳಕು ಎಷ್ಟಿದೆ ಎಂದು ತೋರಿಸುವ ಯಂತ್ರದಿಂದ, ಅಳೆಯುವುದರಲ್ಲಿ ಪಳಗಿದವರು. ನಾರ್ವೆಯ ಟ್ರೋಂಡ್ ಆಮುಂಡ್ಸೆನ್ ನೀಲಿಗಂಟಲಿನ ನಡವಳಿಕೆ ಬಲ್ಲವರು. ಇಬ್ಬರೂ ಸೇರಿ ಗಂಟಲನ್ನು ಅಳೆದಾಗ ಆ ನೀಲಿ ಯುವಿಯಲ್ಲೂ ಜೋರಾಗಿ ಹೊಳೆಯುವುದು ಕಂಡಿತು.

ಮೊದಲು ಕಪ್ಪು ಬಣ್ಣ, ಆಮೇಲೆ ಬಣ್ಣವಿಲ್ಲದ ಕ್ರೀಮು

ಗಂಟಲಿಗೆ ಏನಾದರೂ ಹಚ್ಚಿ ನೋಡುವ ಕೆಲಸ ಅದಕ್ಕೂ ಮೊದಲೇ ನಡೆದಿತ್ತು. ನಾರ್ವೆಯ ಓಸ್ಲೋದ ಆರಿಲ್ಡ್ ಯೋನ್ಸೆನ್ ಮತ್ತು ಯಾನ್ ಲಿಫ್ಯೆಲ್ಡ್ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಗಂಡುಗಳ ನೀಲಿಗೆ ಕಪ್ಪು ಬಣ್ಣ ಬಳಿದಿದ್ದರು. ಹಾಗೆ ಅಂದಗೆಟ್ಟ ಗಂಡುಗಳು ತಮ್ಮ ಹೆಣ್ಣನ್ನು ಬಿಡದೆ ಹಿಂಬಾಲಿಸಿ ಕಾವಲು ಕಾದವು. ಗಂಟಲಿನ ಬಣ್ಣಕ್ಕೆ ಬೆಲೆ ಇದೆ ಎಂದು ಇದರಿಂದ ಗೊತ್ತಾಯಿತು. ಆದರೆ ಕಪ್ಪು ಬಳಿದರೆ ನೀಲಿ, ನೇರಳೆ, ಯುವಿ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಹೆಣ್ಣು ನೋಡುತ್ತಿದ್ದದ್ದು ಯಾವುದನ್ನು ಎಂದು ಹೇಳಲು ಬರುವುದಿಲ್ಲ.

1997ರಲ್ಲಿ ಆಂಡರ್ಸನ್ ಮತ್ತು ಆಮುಂಡ್ಸೆನ್ ಪ್ರಕಟಿಸಿದ್ದು ಇನ್ನೂ ಸೂಕ್ಷ್ಮವಾದ ಪ್ರಯೋಗ. ಯುವಿ ಹೀರುವ ರಾಸಾಯನಿಕವನ್ನು ಕೊಬ್ಬಿನಂಥ ಜಿಡ್ಡಿನಲ್ಲಿ ಕಲಸಿ ಗಂಟಲಿಗೆ ಸವರಿದರು. ಹೋಲಿಕೆಗೆ ಇಟ್ಟುಕೊಂಡ ಗಂಡುಗಳಿಗೂ ಜಿಡ್ಡು ಸವರಿದರು, ಆದರೆ ಅದರಲ್ಲಿ ಆ ರಾಸಾಯನಿಕ ಇರಲಿಲ್ಲ. ಈ ಎರಡನೆಯ ಹೆಜ್ಜೆಯೇ ಪ್ರಯೋಗದ ಜೀವ. ಕೈಯಲ್ಲಿ ಹಿಡಿದದ್ದು, ಗರಿಗೆ ಜಿಡ್ಡು ಅಂಟಿದ್ದು, ಆ ಗಾಬರಿ, ಎಲ್ಲವೂ ಎರಡೂ ಗುಂಪಿಗೆ ಒಂದೇ. ವ್ಯತ್ಯಾಸ ಯುವಿಯಲ್ಲಿ ಮಾತ್ರ. ಎರಡು ಗಂಡುಗಳನ್ನು ಅಕ್ಕಪಕ್ಕ ನಿಮ್ಮ ಮುಂದಿಟ್ಟರೂ ಯಾವುದಕ್ಕೆ ಏನು ಹಚ್ಚಿದ್ದಾರೆ ಎಂದು ಹೇಳುವುದು ಕಷ್ಟ.

ದೊಡ್ಡ ಪಂಜರದಲ್ಲಿ ಹೆಣ್ಣಿಗೆ ಎರಡೂ ಗಂಡುಗಳನ್ನು ತೋರಿಸಿದರು. ಹೆಣ್ಣುಗಳು ಒಲಿದದ್ದು ಯುವಿ ಉಳಿಸಿಕೊಂಡ ಗಂಡಿನ ಕಡೆಗೆ. ನಮಗೆ ಒಂದೇ ಥರ ಕಂಡ ಎರಡು ಗಂಟಲು ಅವಕ್ಕೆ ಒಂದೇ ಆಗಿರಲಿಲ್ಲ.

ಇದಕ್ಕೆ ಒಂದು ವರ್ಷ ಮುಂಚೆ, 1996ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ಲಿನ ತಂಡ ಝೀಬ್ರಾ ಫಿಂಚ್ ಹಕ್ಕಿಗಳಲ್ಲಿ ಇಂಥದ್ದೇ ಫಲ ಕಂಡಿತ್ತು. ಅವರು ಹಕ್ಕಿಗೆ ಏನೂ ಹಚ್ಚಲಿಲ್ಲ. ಹೆಣ್ಣಿಗೂ ಗಂಡಿಗೂ ನಡುವೆ ಯುವಿ ತಡೆಯುವ ಹಾಳೆ ಇಟ್ಟರು. 1997ರಲ್ಲಿ ಸ್ಟಾರ್ಲಿಂಗ್ ಹಕ್ಕಿಯಲ್ಲೂ ಯುವಿಯ ಪಾತ್ರ ಕಂಡಿತು. ಸ್ಟಾರ್ಲಿಂಗ್ ನಮ್ಮ ಗೊರವಂಕದ ಕುಟುಂಬದ್ದೇ. ಇವೆಲ್ಲವೂ ಪಂಜರದೊಳಗಿನ ಕೆಲಸ. ಪಂಜರದಲ್ಲಿ ಹೆಣ್ಣಿಗೆ ಬೇರೆ ಚಿಂತೆ ಇಲ್ಲ. ಊಟ ಸಿಗುತ್ತದೆ, ಗಿಡುಗ ಬರುವುದಿಲ್ಲ, ಗಂಡಿನ ಜಾಗ ಎಷ್ಟು ಒಳ್ಳೆಯದು ಎಂದು ನೋಡಬೇಕಾಗಿಲ್ಲ. ಇರುವ ಎರಡರಲ್ಲಿ ಒಂದರ ಹತ್ತಿರ ಹೋಗಿ ಕೂತರೆ ಆಯಿತು. ಹೊರಗೆ ಹಿಮ ಬೀಳುವ ಬೆಟ್ಟದಲ್ಲಿ, ನೂರು ತಾಪತ್ರಯಗಳ ನಡುವೆ, ಅದೇ ಯುವಿಗೆ ಇನ್ನೂ ಬೆಲೆ ಇರುತ್ತದಾ?

ಬೆಟ್ಟದಲ್ಲಿ

ಈ ಪ್ರಶ್ನೆ ಹಿಡಿದು ಯೋನ್ಸೆನ್, ಆಂಡರ್ಸನ್, ಯೋನಾಸ್ ಓರ್ನ್‌ಬೋರಿ ಮತ್ತು ಲಿಫ್ಯೆಲ್ಡ್ ಒಟ್ಟಾದರು. ಫಲಿತಾಂಶ 1998ರಲ್ಲಿ ಪ್ರಕಟವಾಯಿತು.

ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಗಂಡು ಬಂದು ಜಾಗ ಹಿಡಿದ ಕೂಡಲೇ, ಹೆಣ್ಣು ಇನ್ನೂ ಜೊತೆಯಾಗುವ ಮೊದಲು, ಅದನ್ನು ಬಲೆಯಲ್ಲಿ ಹಿಡಿಯಬೇಕು. ಕೈಗೆ ಬಂದ ಹಕ್ಕಿಯ ತೂಕ ಇಪ್ಪತ್ತು ಗ್ರಾಂ ಆಸುಪಾಸು. ಎರಡು ಬೆರಳಿನ ನಡುವೆ ಕುತ್ತಿಗೆ, ಅಂಗೈಯಲ್ಲಿ ಬೆನ್ನು. ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ, ಸಡಿಲ ಬಿಟ್ಟರೆ ಹಾರಿಹೋಗುತ್ತದೆ. ಕಾಲಿಗೆ ಬಣ್ಣದ ಉಂಗುರ ಹಾಕಬೇಕು, ಆಮೇಲೆ ದೂರದಿಂದ ಇದೇ ಹಕ್ಕಿ ಎಂದು ಗೊತ್ತಾಗಲು. ಒಂದು ಹನಿ ರಕ್ತ ತೆಗೆದಿಡಬೇಕು, ಡಿಎನ್‌ಎ ಪರೀಕ್ಷೆಗೆ. ಗಂಟಲಿನ ಗರಿ ಒಂದೊಂದೂ ಅಕ್ಕಿಕಾಳಿನಷ್ಟು. ಅವನ್ನು ಅಂಟಿಸದೆ, ಮುದುರಿಸದೆ, ಜಿಡ್ಡನ್ನು ತೆಳ್ಳಗೆ ಎಲ್ಲ ಕಡೆ ಸಮನಾಗಿ ಸವರಬೇಕು. ಜಾಸ್ತಿಯಾದರೆ ಗರಿ ಒದ್ದೆಯಾದಂತೆ ಕಾಣುತ್ತದೆ, ಕಡಿಮೆಯಾದರೆ ಯುವಿ ಹಾಗೇ ಉಳಿಯುತ್ತದೆ. ಬಿಟ್ಟ ಮೇಲೆ ಹಕ್ಕಿ ಪೊದೆಗೆ ಹೋಗಿ ಮೈ ಕೊಡವಿ, ಕೊಕ್ಕಿನಿಂದ ಗರಿ ತೀಡಿ, ಮತ್ತೆ ಹಾಡಲು ಶುರು ಮಾಡಬೇಕು. ಆಮೇಲೆ ದಿನಗಟ್ಟಲೆ ಚಳಿಯಲ್ಲಿ ಕೂತು ನೋಡಬೇಕು. ಯಾವುದಕ್ಕೆ ಜೋಡಿ ಸಿಕ್ಕಿತು, ಮೊದಲ ಮೊಟ್ಟೆ ಯಾವತ್ತು, ಮರಿ ಎಷ್ಟು ಎಂದು ಬರೆದಿಡಬೇಕು. ನೆಲದ ಮೇಲಿನ ಗೂಡು ಹುಡುಕುವುದೇ ಒಂದು ಸಾಹಸ. ಕಾಲಡಿಯಲ್ಲೇ ಇದ್ದರೂ ಕಾಣುವುದಿಲ್ಲ.

ಫಲಿತಾಂಶ ಹೀಗಿತ್ತು. ಯುವಿ ಕಳೆದುಕೊಂಡ ಗಂಡುಗಳ ಗೂಡಿನಲ್ಲಿ ಮೊಟ್ಟೆ ತಡವಾಗಿ ಬಿತ್ತು. ಅಂದರೆ ಅವಕ್ಕೆ ಹೆಣ್ಣು ಒಲಿಯುವುದೇ ತಡವಾಯಿತು. ಉತ್ತರದ ಬೆಟ್ಟದಲ್ಲಿ ಬೇಸಿಗೆ ಕೆಲವೇ ವಾರ, ತಡ ಅನ್ನುವುದು ಸಣ್ಣ ಮಾತಲ್ಲ. ಪಕ್ಕದ ಗೂಡುಗಳಲ್ಲಿ ಮರಿಗೆ ಅಪ್ಪನಾಗುವುದರಲ್ಲೂ ಇವು ಹಿಂದೆ ಬಿದ್ದವು. ತಮ್ಮದೇ ಗೂಡಿನಲ್ಲಿ ಬೇರೆಯವರ ಮರಿ ಇರುವುದೂ ಇವುಗಳಲ್ಲೇ ಹೆಚ್ಚೆನಿಸಿತು. ಎಲ್ಲ ಕೂಡಿ ನೋಡಿದಾಗ ಅಪ್ಪನಾಗುವ ಪಾಲು ಯುವಿ ಉಳಿದ ಗಂಡುಗಳ ಕಡೆಗೆ ಸ್ಪಷ್ಟವಾಗಿ ವಾಲಿತ್ತು.

ಹೆಣ್ಣಿನ ಎರಡೂ ಆಯ್ಕೆಗಳು ಒಂದೇ ದಿಕ್ಕಿಗೆ ಹೋದದ್ದೇ ಈ ಪ್ರಕರಣದಲ್ಲಿ ನನ್ನನ್ನು ತುಂಬಾ ಹಿಡಿದ ವಿಷಯ. ಗೂಡಿಗೆ ಯಾರು ಎಂಬ ಪ್ರಶ್ನೆಗೆ ಜಾಗ, ಪೊದೆ, ಹುಳು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಪಕ್ಕದ ಗಂಡಿನ ಬಳಿ ಹೋಗುವ ಹೆಣ್ಣಿಗೆ ಅವನ ಜಾಗದಿಂದ ಆಗಬೇಕಾದ್ದು ಏನೂ ಇಲ್ಲ, ಅವನು ಮರಿಗೆ ತಿನ್ನಿಸಲು ಬರುವುದೂ ಇಲ್ಲ. ಅಲ್ಲೂ ಯುವಿ ಇರುವ ಗಂಡೇ ಮುಂದೆ ಬಂದ ಎಂದರೆ, ನೋಡಿದ್ದು ಹಕ್ಕಿಯನ್ನೇ ಎಂದು ನಂಬಲು ಕಾರಣ ಸಿಗುತ್ತದೆ.

ನನ್ನ ತಕರಾರುಗಳು

ಆದರೂ ಈ ಫಲಿತಾಂಶವನ್ನು ಇದ್ದಹಾಗೇ ನುಂಗಬಾರದು. ಮೂರು ವಿಷಯ ನನ್ನನ್ನು ಕಾಡುತ್ತವೆ.

ಹೆಣ್ಣಿನಂತೆ ಪಕ್ಕದ ಗಂಡಿಗೂ ಯುವಿ ಕಾಣುತ್ತದೆ. ಮಂಕಾದ ಗಂಟಲಿನವನನ್ನು ನೆರೆಯವರು ಲೆಕ್ಕಕ್ಕೇ ಇಟ್ಟುಕೊಳ್ಳದೆ ಅವನ ಜಾಗದೊಳಗೆ ನುಗ್ಗಿದರೆ? ಆಗ ಜೋಡಿ ತಡವಾಗುವುದಕ್ಕೆ ಹೆಣ್ಣಿನ ರುಚಿಯೇ ಕಾರಣ ಆಗಬೇಕೆಂದಿಲ್ಲ. ಬ್ಲೂ ಟಿಟ್ ಎಂಬ ಇನ್ನೊಂದು ಯುರೋಪಿನ ಹಕ್ಕಿಯಲ್ಲಿ 2004ರಲ್ಲಿ ಪ್ರಕಟವಾದ ಕೆಲಸ ಇದಕ್ಕೆ ಹತ್ತಿರದ್ದು. ನೆತ್ತಿಯ ಯುವಿ ಕಡಿಮೆ ಮಾಡಿದ ಗಂಡಿನ ಮೇಲೆ ಬೇರೆ ಗಂಡುಗಳು ತೋರಿಸಿದ ಸಿಟ್ಟು ಕಡಿಮೆ ಇತ್ತು. ಅಂದರೆ ಗಂಡುಗಳೂ ಈ ಬಣ್ಣವನ್ನು ಓದುತ್ತವೆ. ನೀಲಿಗಂಟಲಿನ ಬೆಟ್ಟದಲ್ಲಿ ಈ ಎರಡು ದಾರಿಗಳನ್ನು ಪೂರ್ತಿ ಬಿಡಿಸಿ ನೋಡುವುದು ಸುಲಭವಲ್ಲ.

ಎರಡನೆಯದು, ಸನ್‌ಸ್ಕ್ರೀನ್ ಯುವಿಯನ್ನು ಕಳೆಯಬಲ್ಲದು, ಕೂಡಿಸಲಾರದು. ಪ್ರಯೋಗ ಹೇಳುವುದು "ಇದ್ದದ್ದು ಹೋದರೆ ನಷ್ಟ" ಎಂದು. "ಇನ್ನೂ ಜಾಸ್ತಿ ಇದ್ದರೆ ಇನ್ನೂ ಲಾಭ" ಎಂದು ಅದರಿಂದ ಹೇಳಲಾಗದು. ಯಾವ ಗಂಡಿನಲ್ಲೂ ಸಹಜವಾಗಿ ಇರದಷ್ಟು ಕಡಿಮೆ ಮಾಡಿಬಿಟ್ಟರೆ ಹೆಣ್ಣಿಗೆ ಅದು ವಿಚಿತ್ರವಾಗಿಯೇ ಕಂಡೀತು. ಮದುವೆಗೆ ನೋಡಲು ಬಂದ ಹುಡುಗನ ಅರ್ಧ ಮೀಸೆ ಬೋಳಿಸಿ ಕೂರಿಸಿದ ಹಾಗೆ. ಒಪ್ಪದಿದ್ದರೆ ಅದು ಮೀಸೆಯ ಉದ್ದಕ್ಕೋ, ಅರ್ಧ ಇಲ್ಲದ್ದಕ್ಕೋ?

ಮೂರನೆಯದೇ ನನಗೆ ಎಲ್ಲಕ್ಕಿಂತ ದೊಡ್ಡದು. ಯುವಿ ಎಂದರೆ ಹಕ್ಕಿಗಳ ಗುಟ್ಟಿನ ಭಾಷೆ ಎಂಬ ಮಾತು ಆಗ ಎಲ್ಲೆಡೆ ಹಬ್ಬಿತು. ಈಗಲೂ ಪತ್ರಿಕೆಗಳಲ್ಲಿ ಹಾಗೇ ಬರೆಯುತ್ತಾರೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಗುಟ್ಟು ನಮಗೆ ಮಾತ್ರ. ಹಕ್ಕಿಗೆ ಅದು ಬಣ್ಣದ ನಾಲ್ಕರಲ್ಲಿ ಒಂದು ಪಾಲು, ಅಷ್ಟೇ. ಝೀಬ್ರಾ ಫಿಂಚ್‌ನಲ್ಲಿ ಯುವಿಯ ಪಾತ್ರ ತೋರಿಸಿದ ಬ್ರಿಸ್ಟಲ್ಲಿನ ತಂಡವೇ 2001ರಲ್ಲಿ ಇದನ್ನು ಪರೀಕ್ಷಿಸಿತು. ಯುವಿ ಒಂದನ್ನೇ ತೆಗೆದು ನೋಡುವ ಬದಲು, ಒಂದೊಂದು ಸಲ ಒಂದೊಂದು ಪಾಲಿನ ಬೆಳಕು ತೆಗೆದರು. ಹೆಣ್ಣಿನ ಆಯ್ಕೆ ತುಂಬಾ ಕೆಟ್ಟದ್ದು ಯುವಿ ತೆಗೆದಾಗ ಅಲ್ಲ, ಕೆಂಪಿನ ಕಡೆಯ ಬೆಳಕು ತೆಗೆದಾಗ. ಆ ಹಕ್ಕಿಯ ಗಂಡಿಗೆ ಕೆಂಪು ಕೊಕ್ಕು, ಕಿತ್ತಳೆ ಕೆನ್ನೆ. ಇದು ಸಹಜವಲ್ವಾ? ನೀಲಿಗಂಟಲಿನಲ್ಲಿ ಯುವಿ ಮುಖ್ಯವಾದದ್ದು ಅದರ ಗಂಟಲು ನೀಲಿ-ಯುವಿಯಲ್ಲಿ ಹೊಳೆಯುವುದರಿಂದ. ಯುವಿಗೆ ಅದರದ್ದೇ ಬೇರೆ ಮಹಿಮೆ ಇದೆ ಎಂದಲ್ಲ. ಸನ್‌ಸ್ಕ್ರೀನ್ ಹಚ್ಚಿದಾಗ ಹೋದದ್ದು ಗುಪ್ತ ಸಂಕೇತವಲ್ಲ, ಆ ನೀಲಿಯ ಒಂದು ದೊಡ್ಡ ಪಾಲು. ಹೆಣ್ಣಿಗೆ ಆ ಗಂಟಲು ಬೇರೆ ಬಣ್ಣದ್ದಾಗಿಯೇ ಕಂಡಿರಬೇಕು. ನಮಗೆ ಹಸಿರು ಮಾವಿಗೂ ಹಳದಿ ಮಾವಿಗೂ ಇರುವಷ್ಟು ವ್ಯತ್ಯಾಸವೇ ಅದಕ್ಕೆ ಕಂಡಿದ್ದರೂ ನನಗೆ ಆಶ್ಚರ್ಯವಿಲ್ಲ.

ಬ್ಲೂ ಟಿಟ್‌ನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಗಂಡು ಹೆಣ್ಣು ನಮಗೆ ಹೆಚ್ಚುಕಮ್ಮಿ ಒಂದೇ ಥರ ಕಾಣುವ ಆ ಹಕ್ಕಿಯಲ್ಲಿ, ನೆತ್ತಿಯ ಯುವಿ ಬೇರೆಬೇರೆ ಎಂದು 1998ರಲ್ಲಿ ಗೋಥೆನ್‌ಬರ್ಗ್ ಮತ್ತು ಬ್ರಿಸ್ಟಲ್ಲಿನ ತಂಡಗಳು ಪ್ರತ್ಯೇಕವಾಗಿ ಕಂಡುಕೊಂಡವು. ಮರುವರ್ಷ ಸ್ವೀಡನ್ನಿನಿಂದ ಇನ್ನೂ ದೊಡ್ಡ ಸುದ್ದಿ ಬಂತು. ಗಂಡಿನ ನೆತ್ತಿಯ ಯುವಿ ನೋಡಿ ಹೆಣ್ಣು ತನ್ನ ಮರಿಗಳಲ್ಲಿ ಗಂಡು ಎಷ್ಟು, ಹೆಣ್ಣು ಎಷ್ಟು ಎಂಬುದನ್ನೇ ಹೊಂದಿಸಿಕೊಳ್ಳುತ್ತದೆ ಎಂದು. ಹಕ್ಕಿಗಳಲ್ಲಿ ಮರಿಯ ಲಿಂಗ ತಾಯಿಯ ಕ್ರೋಮೋಸೋಮಿನಿಂದ ತೀರ್ಮಾನವಾಗುವುದರಿಂದ ಅದು ಅಸಾಧ್ಯವೇನಲ್ಲ. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಕೆಲವರಿಗೆ ಹಾಗೇ ಕಂಡಿತು, ಕೆಲವರಿಗೆ ಕಾಣಲಿಲ್ಲ. 2013ರಲ್ಲಿ ಅಮೆರಿಕದ ಜೀವವಿಜ್ಞಾನಿ ಟಿಮ್ ಪಾರ್ಕರ್ ಬ್ಲೂ ಟಿಟ್‌ನ ಬಣ್ಣದ ಬಗೆಗಿನ ಎಲ್ಲ ಕೆಲಸವನ್ನೂ ಒಟ್ಟಿಗೆ ಇಟ್ಟು ತೂಗಿದರು. ಗಂಡು ಹೆಣ್ಣಿನ ಬಣ್ಣ ಬೇರೆ ಎಂಬಂಥ ಕೆಲವು ಮಾತುಗಳು ಗಟ್ಟಿಯಾಗಿ ನಿಂತವು. ಉಳಿದ ಎಷ್ಟೋ ಮಾತುಗಳ ಕೆಳಗೆ ನೆಲ ಸಡಿಲವಿತ್ತು. ಕಡಿಮೆ ಹಕ್ಕಿಗಳು, ಹಲವು ಬಗೆಯ ಲೆಕ್ಕ, ಅದರಲ್ಲಿ ಚೆನ್ನಾಗಿ ಬಂದದ್ದನ್ನೇ ಪ್ರಕಟಿಸುವ ಅಭ್ಯಾಸ.

ನೀಲಿಗಂಟಲಿನ ಪ್ರಯೋಗವನ್ನೂ ಇದೇ ತಕ್ಕಡಿಯಲ್ಲಿಟ್ಟು ನೋಡಬೇಕು. ಒಂದು ಕಣಿವೆ, ಕೆಲವೇ ಹಕ್ಕಿಗಳು. ಆದರೆ ಪಂಜರದ ಫಲ ಮತ್ತು ಬೆಟ್ಟದ ಫಲ ಒಂದೇ ಕಡೆ ತೋರಿಸುತ್ತವೆ. ಅಷ್ಟರ ಮಟ್ಟಿಗೆ ನಾನು ಅದನ್ನು ನಂಬುತ್ತೇನೆ.

ಹೆಣ್ಣಿಗೆ ಸಿಗುವುದೇನು

'ಹೊಳೆಯುವ ಗಂಟಲಿನ ಗಂಡು ಗಟ್ಟಿ ಗಂಡು, ಅವನ ಮರಿಯೂ ಗಟ್ಟಿ' ಎಂಬುದು ಥಟ್ಟನೆ ಹೊಳೆಯುವ ಉತ್ತರ. 2000ದಲ್ಲಿ ಯೋನ್ಸೆನ್ ಮತ್ತು ಸಂಗಡಿಗರು ಇದೇ ಹಕ್ಕಿಯಲ್ಲಿ ಮರಿಗಳ ರೋಗ ಎದುರಿಸುವ ಶಕ್ತಿಯನ್ನು ಅಳೆದರು. ಮರಿಯ ರೆಕ್ಕೆಯ ಚರ್ಮಕ್ಕೆ ದೇಹ ಪ್ರತಿಕ್ರಿಯಿಸುವ ಒಂದು ಪದಾರ್ಥವನ್ನು ಚುಚ್ಚಿ, ಎಷ್ಟು ಊದಿಕೊಳ್ಳುತ್ತದೆ ಎಂದು ನೋಡುವ ವಿಧಾನ. ಒಂದೇ ಗೂಡಿನಲ್ಲಿ, ಒಂದೇ ತಾಯಿಯ ಮರಿಗಳಲ್ಲಿ, ಪಕ್ಕದ ಗಂಡಿಗೆ ಹುಟ್ಟಿದವು ಮನೆಯ ಗಂಡಿಗೆ ಹುಟ್ಟಿದವಕ್ಕಿಂತ ಗಟ್ಟಿಯಾಗಿದ್ದವು.

ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ಸಲೀಸಾಗಿ ಮುಗಿಯುತ್ತಿತ್ತು. ಅವರು ನಿಲ್ಲಿಸಲಿಲ್ಲ. ಆ ಪಕ್ಕದ ಗಂಡಿನ ಸ್ವಂತ ಗೂಡಿಗೆ ಹೋಗಿ, ಅಲ್ಲಿ ಅವನ ಹೆಣ್ಣಿಗೆ ಹುಟ್ಟಿದ ಮರಿಗಳನ್ನೂ ಅಳೆದರು. ಅದೇ ಅಪ್ಪನ ಮರಿಗಳಾದರೂ ಅವು ಅಷ್ಟು ಗಟ್ಟಿಯಾಗಿರಲಿಲ್ಲ. ಅಂದರೆ ಅಪ್ಪ ಒಳ್ಳೆಯವನು ಎಂಬುದಷ್ಟೇ ಸಾಲದು. ಈ ಹೆಣ್ಣಿಗೆ ಈ ಗಂಡು ಹೊಂದಿದಾಗ ಮರಿ ಗಟ್ಟಿಯಾಗುತ್ತದೆ. ಜಾತಕ ಕೂಡಿಬರುವುದು ಅಂತೀವಲ್ಲ, ಇಲ್ಲಿ ಕೂಡಿಬರಬೇಕಾದದ್ದು ವಂಶವಾಹಿಗಳು.

ಇದು ಯುವಿಯ ಕಥೆಗೆ ತೊಡಕು ತಂದಿತು. ಹೊಂದಾಣಿಕೆಯೇ ಮುಖ್ಯವಾದರೆ ಪ್ರತಿ ಹೆಣ್ಣಿಗೂ ಬೇರೆಬೇರೆ ಗಂಡು ಒಳ್ಳೆಯವನು. ಗಂಟಲಿನ ಹೊಳಪು ಎಲ್ಲ ಹೆಣ್ಣುಗಳಿಗೂ ಒಂದೇ ಗಂಡನ್ನು ತೋರಿಸುತ್ತದೆ. ಎರಡೂ ನಿಜವಿರಬಹುದು. ಮೊದಲು ಕಣ್ಣಿಂದ ಒಂದು ಜರಡಿ, ಆಮೇಲೆ ಮೈಯೊಳಗೆ ಯಾವ ವೀರ್ಯ ಮೊಟ್ಟೆ ಸೇರುತ್ತದೆ ಎಂಬ ಇನ್ನೊಂದು ಜರಡಿ. ನನ್ನ ಒಲವು ಇದರ ಕಡೆಗೇ.

ಹೆಣ್ಣಿನ ಗಂಟಲನ್ನೂ ಮರೆಯಬಾರದು. ಬಣ್ಣವಿರುವ ಹೆಣ್ಣನ್ನು ಗಂಡುಗಳೂ ಇಷ್ಟಪಡುತ್ತವೆ ಎಂದು ಆಮುಂಡ್ಸೆನ್ ತಂಡ 1997ರಲ್ಲೇ ಪಂಜರದಲ್ಲಿ ಕಂಡಿತ್ತು. ಎರಡು ವರ್ಷದ ಬಳಿಕ ಓಸ್ಲೋದವರು ಬೆಟ್ಟದಲ್ಲಿ ಹುಡುಕಿದಾಗ, ಬಣ್ಣವಿರುವ ಹೆಣ್ಣು ಒಳ್ಳೆಯ ತಾಯಿ ಎಂಬುದಕ್ಕೆ ಪುರಾವೆ ಸಿಗಲಿಲ್ಲ. ಅಂದ ನೋಡುವುದು ಹೆಣ್ಣು, ತೋರಿಸುವುದು ಗಂಡು ಎಂದು ಇಲ್ಲೂ ಗೆರೆ ಎಳೆಯಲಾಗುವುದಿಲ್ಲ.

ಇಂಥ ಕೆಲಸಗಳಿಂದ ಹಕ್ಕಿ ನೋಡುವವರ ಪುಸ್ತಕಗಳಿಗೂ ಒಂದು ಪೆಟ್ಟು ಬಿತ್ತು. ಗಂಡು ಹೆಣ್ಣು ಒಂದೇ ಥರ ಎಂದು ಬರೆದಿದ್ದ 139 ಜಾತಿಗಳನ್ನು ಅಮೆರಿಕದ ಮ್ಯೂರ್ ಈಟನ್ 2005ರಲ್ಲಿ ಹಕ್ಕಿಯ ಕಣ್ಣಿನ ಲೆಕ್ಕದಲ್ಲಿ ಅಳೆದು ನೋಡಿದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜಾತಿಗಳಲ್ಲಿ ವ್ಯತ್ಯಾಸ ಇತ್ತು.

ಓವ್ರೆ ಹೈಮ್‌ಡಾಲಿನಂಥ ಬೆಟ್ಟಗಳ ಹಕ್ಕಿ ಚಳಿಗಾಲ ಎಲ್ಲಿ ಕಳೆಯುತ್ತದೆ ಎಂದು ಬಹಳ ಕಾಲ ಊಹೆ ಮಾತ್ರ ಇತ್ತು. ಬೆನ್ನಿಗೆ ಪುಟ್ಟ ಬೆಳಕು-ಅಳತೆಯ ಯಂತ್ರ ಕಟ್ಟಿ ಕಳಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ನಾರ್ವೆ ಮತ್ತು ಝೆಕ್ ದೇಶದ ಕೆಂಪು ಬೊಟ್ಟಿನ ನೀಲಿಗಂಟಲುಗಳು ಆಫ್ರಿಕಾಕ್ಕೆ ಹೋಗಿರಲಿಲ್ಲ. ಪೂರ್ವಕ್ಕೆ ತಿರುಗಿ ನಮ್ಮ ಉಪಖಂಡಕ್ಕೆ ಬಂದಿದ್ದವು.

ಮಾರ್ಚ್ ಮೊದಲ ವಾರ ಅದೇ ಕೆರೆಗೆ ಮತ್ತೆ ಹೋದೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಜೊಂಡಿನ ಬುಡದಲ್ಲಿ ಒಂದು ಗಂಡು ಇತ್ತು. ಜನವರಿಯಲ್ಲಿ ಮಾಸಲಾಗಿದ್ದ ಜಾಗದಲ್ಲಿ ಈಗ ನೀಲಿ ತುಂಬಿಕೊಂಡಿತ್ತು, ನಡುವಿನ ಕೆಂಗಂದು ಬೊಟ್ಟು ಎದ್ದು ಕಾಣುತ್ತಿತ್ತು. ಬಿಸಿಲು ಓರೆಯಾಗಿ ಬಿದ್ದಾಗ ತಲೆ ಎತ್ತಿ, ಗಂಟಲು ಉಬ್ಬಿಸಿ, ತೀರಾ ಸಣ್ಣ ದನಿಯಲ್ಲಿ ಹಾಡಿಕೊಂಡಿತು. ಹತ್ತಿರದಲ್ಲಿ ಬೇರೆ ಯಾವ ನೀಲಿಗಂಟಲೂ ಇರಲಿಲ್ಲ. ಮುಂದಿನ ವಾರ ಹೋದಾಗ ಅದೂ ಹೊರಟುಹೋಗಿತ್ತು.